ಸುಕ್ಕು ಬಿದ್ದ ಚೀಟಿ

ಸುಕ್ಕು ಕಂಡರೆ ದೊಡ್ಡಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಬೀದಿಯ ಮೂಲೆಯ ಇಸ್ತ್ರಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ನಿಂತೇ ದುಡಿದ ಹೆಂಗಸು ಅವಳು. ದಾರಿಯಲ್ಲಿ ಹೋಗುವ ಯಾವನದೋ ಅಂಗಿಯ ಬೆನ್ನು ಮುದುರಿದ್ದರೂ ಅವಳ ಬೆರಳು ತುರಿಸುತ್ತಿದ್ದವು. ಊಟಕ್ಕೆ ಕುಳಿತರೆ ತಟ್ಟೆಯ ಕೆಳಗೆ ಹಾಸಿದ ಹಳೇ ಪತ್ರಿಕೆಯನ್ನು ಅಂಗೈಯಿಂದ ಉಜ್ಜಿ ಸಪಾಟು ಮಾಡಬೇಕು, ಆಮೇಲೆ ಮೊದಲ ತುತ್ತು. ಗಂಡನ ಹೆಣದ ಮೇಲೆ ಹೊದಿಸಿದ ಬಿಳಿ ಬಟ್ಟೆಯನ್ನೂ ಅವಳು ಅಳುತ್ತಲೇ ಮೂಲೆ ಹಿಡಿದು ಎಳೆದು ಸರಿಮಾಡಿದ್ದಳಂತೆ. ನೋಡಿದವರು ಇವತ್ತಿಗೂ ಹೇಳುತ್ತಾರೆ.

ದೊಡ್ಡಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಮನೆಗೆ ಬಂದ ವಾರಗಿತ್ತಿಯರು ಇಬ್ಬರು. ಅಣ್ಣನ ಹೆಂಡತಿ ದೊಡ್ಡಮ್ಮನಾದಳು, ಹನ್ನೊಂದು ವರ್ಷ ಚಿಕ್ಕವಳಾದ ತಮ್ಮನ ಹೆಂಡತಿ ಚಿಕ್ಕಮ್ಮನಾದಳು. ಇಬ್ಬರಿಗೂ ಮಕ್ಕಳಾಗಲಿಲ್ಲ. ಹಾಗಾಗಿ ಆ ಹೆಸರಿನಿಂದ ಕರೆಯುವವರೆಲ್ಲ ಹೊರಗಿನವರೇ.

ಮೊದಮೊದಲು ಇಬ್ಬರಿಗೂ ಹಾವು ಮುಂಗುಸಿಯ ನಂಟು. ಚಿಕ್ಕಮ್ಮ ಏಳನೇ ತರಗತಿಯವರೆಗೆ ಓದಿದ್ದಳು. ಮದುವೆಯಾಗಿ ಬಂದ ವಾರದಲ್ಲೇ ಉದ್ದನೆಯದೊಂದು ಪುಸ್ತಕ ತರಿಸಿ, ಯಾರ ಮನೆಯ ಗಂಟು, ಒಳಗೆ ಯಾವ ಬಣ್ಣದ ಬಟ್ಟೆ, ಯಾವುದರ ಗುಂಡಿ ಮೊದಲೇ ಕಿತ್ತುಹೋಗಿತ್ತು ಎಂದೆಲ್ಲ ಬರೆಯತೊಡಗಿದಳು. ದೊಡ್ಡಮ್ಮನಿಗೆ ಒಂದಕ್ಷರವೂ ಬಾರದು. ಬೇಕಾಗಿಯೂ ಇರಲಿಲ್ಲ. ಕಾಲರಿನ ಸವಕಲು, ತೋಳಿನ ಮಡಿಕೆ, ಜೇಬಿನ ಮೂಲೆಯ ಕಲೆ ನೋಡಿ ಇದು ಇಂಥವರದು ಎಂದು ಬೇರೆ ಮಾಡಿಡುತ್ತಿದ್ದಳು. ಹತ್ತು ವರ್ಷ ಊರು ಬಿಟ್ಟಿದ್ದ ಬಸ್ ಕಂಡಕ್ಟರ್ ಒಬ್ಬನ ಅಂಗಿ ಅವನ ತಂಗಿಯ ಮನೆಯ ಗಂಟಿನಲ್ಲಿ ಬಂದಾಗ, ಓಹೋ ಅವನು ವಾಪಸ್ ಬಂದನೇ ಎಂದು ಬೀದಿಗೆ ಮೊದಲು ಹೇಳಿದವಳು ಅವಳೇ.

"ನಿನ್ನ ಪುಸ್ತಕ ಕಳೆದುಹೋದ್ರೆ ಈ ಬೀದಿಯೋರೆಲ್ಲ ಬರೀ ಮೈಲಿ ಓಡಾಡಬೇಕು ಕಣೆ," ಎಂದು ಅವಳು ಹಂಗಿಸುತ್ತಿದ್ದಳು.

"ಪುಸ್ತಕ ಹೋದ್ರೆ ಇನ್ನೊಂದು ತರಬಹುದಕ್ಕ. ನಿನ್ನ ತಲೆ ಹೋದ್ರೆ ಯಾವ ಅಂಗಡೀಲಿ ಹುಡುಕೋಣ?" ಎಂದು ಚಿಕ್ಕಮ್ಮ ತಲೆಯೆತ್ತದೆ ಬರೆಯುತ್ತಲೇ ಹೇಳುತ್ತಿದ್ದಳು.

ಅಂಗಡಿಯ ಹಿಂದಿನ ಒಂದೇ ಕೋಣೆಯ ಮನೆಯಲ್ಲಿ ನಡುವೆ ಪರದೆ ಕಟ್ಟಿಕೊಂಡು ಎರಡು ಸಂಸಾರ ನಡೆದವು. ಅಣ್ಣ ಸತ್ತ ಎರಡನೇ ವರ್ಷಕ್ಕೆ ತಮ್ಮನೂ ಹೋದ. ಆಮೇಲೆ ಒಂದು ದಿನ ಯಾರೂ ಯಾರಿಗೂ ಏನೂ ಹೇಳದೆ ಆ ಪರದೆ ಬಿಚ್ಚಿ, ಒಗೆದು, ಇಸ್ತ್ರಿ ಹಾಕಿ, ಇಬ್ಬರಿಗೂ ಸೇರಿ ಒಂದು ಹೊದಿಕೆ ಮಾಡಿಕೊಂಡರು. ಜಗಳ ನಿಂತಿತೆಂದಲ್ಲ. ಜಗಳಕ್ಕೆ ಇವಳಿಗೆ ಅವಳು, ಅವಳಿಗೆ ಇವಳು ಅಷ್ಟೇ ಉಳಿದಿದ್ದರು.

ದೊಡ್ಡಮ್ಮನಿಗೆ ಇನ್ನೊಂದು ಹೆಮ್ಮೆಯಿತ್ತು. ಜೇಬಿನಲ್ಲಿ ಮರೆತು ನೀರಿಗೆ ಬಿದ್ದ ಕಾಗದಗಳನ್ನು ಬದುಕಿಸುವುದರಲ್ಲಿ ಅವಳದು ಎತ್ತಿದ ಕೈ. ಒಬ್ಬ ಹುಡುಗಿಯ ಶಾಲೆಯ ಸರ್ಟಿಫಿಕೇಟು ಮುದ್ದೆಯಾಗಿ ಬಂದಿತ್ತು. ಅದನ್ನು ಹಿಟ್ಟಿನ ಹಾಳೆಯಂತೆ ಮೆಲ್ಲಗೆ ಬಿಡಿಸಿ, ಮೇಲೆ ತೆಳು ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಶಾಖ ನೋಡಿ, ಉಸಿರು ಬಿಗಿಹಿಡಿದು ಒತ್ತಿದಳು. ಹುಡುಗಿಯ ತಾಯಿ ಬಂದು ಕೈ ಹಿಡಿದುಕೊಂಡು ಅತ್ತಳು. ಅಂದಿನಿಂದ ಹಳೇ ಕಾಗದ, ಒದ್ದೆ ಕಾಗದ ಹಿಡಿದುಕೊಂಡು ಜನ ಬರುತ್ತಿದ್ದರು. ಓದಲು ಬಾರದವಳು ಊರಿನವರ ಓದನ್ನೆಲ್ಲ ಕಾಯುತ್ತಿದ್ದಾಳೆ ಎಂದು ಚಿಕ್ಕಮ್ಮ ನಗೆಯಾಡುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ದೊಡ್ಡಮ್ಮ ಮೂಗು ಮುರಿಯುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಿದ್ದಳು.

ಚಿಕ್ಕಮ್ಮನಿಗೆ ಕಾಯಿಲೆ ಶುರುವಾದದ್ದು ಮೆಟ್ಟಿಲಿನಿಂದ. ಅಂಗಡಿಗೆ ಇದ್ದದ್ದು ನಾಲ್ಕೇ ಮೆಟ್ಟಿಲು. ಎರಡನೆಯದಕ್ಕೆ ಕುಳಿತುಬಿಡುತ್ತಿದ್ದಳು. ತುಟಿ ಬಿಳುಚಿತು, ಉಗುರು ಸುಣ್ಣದ ಹಾಗಾಯಿತು. ಸೋಮಾರಿತನ ಎಂದು ದೊಡ್ಡಮ್ಮ ಎರಡು ತಿಂಗಳು ಬೈದಳು. ಆಮೇಲೆ ಹತ್ತಿರದ ಚಿಕ್ಕ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೂಳೆಯೊಳಗೆ ರಕ್ತ ಹುಟ್ಟುವ ಜಾಗವೇ ಒಣಗಿದೆ, ಮೂರು ವಾರಕ್ಕೊಮ್ಮೆ ಹೊರಗಿನ ರಕ್ತ ಹಾಕಿಸಿಕೊಂಡೇ ಇರಬೇಕು ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡರು.

ಮೊದಲ ಎರಡು ಸಲ ಸುಸೂತ್ರವಾಯಿತು. ಮೂರನೆಯ ಸಲ ಅರ್ಧ ಚೀಲ ಇಳಿಯುವಷ್ಟರಲ್ಲಿ ಚಿಕ್ಕಮ್ಮನ ಮೈ ನಡುಗಲು ಹತ್ತಿತು. ಮಂಚದ ಕಬ್ಬಿಣ ಗಡಗಡ ಸದ್ದು ಮಾಡಿತು. ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ನರ್ಸು ಓಡಿಬಂದು ಕೊಳವೆ ಮುಚ್ಚಿ ಇಂಜೆಕ್ಷನ್ ಚುಚ್ಚಿದಳು. ಜ್ವರ ಸುಡುತ್ತಿತ್ತು. ಬೇರೆಯವರ ರಕ್ತ ಅಲ್ಲವೇ, ಮೈ ಸ್ವಲ್ಪ ಗಲಾಟೆ ಮಾಡುತ್ತದೆ, ತುಂಬ ಜನಕ್ಕೆ ಹೀಗಾಗುತ್ತದೆ ಎಂದು ಸಮಾಧಾನ ಹೇಳಿದಳು. ನಡುಕ ಇಳಿದ ಮೇಲೆ ಚಿಕ್ಕಮ್ಮ ಕಣ್ಣು ಬಿಟ್ಟು, "ಇವತ್ತಿಂದು ಯಾರೋ ಜಗಳಗಂಟಿ ರಕ್ತ ಅಕ್ಕ. ನಿಂದೇ ಇರಬೇಕು," ಎಂದಳು.

ಅಲ್ಲಿಂದ ಪ್ರತಿ ಸಲವೂ ಅದೇ ಪಾಡು. ಮೊದಲೇ ಮಾತ್ರೆ ಕೊಟ್ಟರೂ ಸಂಜೆಗೆ ಮನೆಯಲ್ಲಿ ಚಳಿ ಬಂದೇ ಬರುತ್ತಿತ್ತು. ದೊಡ್ಡಮ್ಮ ಇದ್ದಿಲಿನ ಪೆಟ್ಟಿಗೆ ಕಾಯಿಸಿ, ಹಳೇ ಪರದೆಯ ಆ ಹೊದಿಕೆಯನ್ನು ಹಲಗೆಯ ಮೇಲೆ ಹಾಸಿ ಅಂಗುಲ ಅಂಗುಲವೂ ಬಿಸಿ ಮಾಡಿ, ಆರುವ ಮೊದಲೇ ಓಡಿಬಂದು ಅವಳ ಮೇಲೆ ಹೊದಿಸುತ್ತಿದ್ದಳು. ಅದು ತಣ್ಣಗಾದರೆ ಮತ್ತೆ ತೆಗೆದುಕೊಂಡು ಹೋಗುವುದು, ಮತ್ತೆ ಕಾಯಿಸುವುದು.

"ಪೆಟ್ಟಿಗೆ ಇರೋದು ಬಟ್ಟೆಗೆ ಅಕ್ಕ, ನಂಗಲ್ಲ."

"ನೀನೂ ಒಂದು ಹಳೇ ಬಟ್ಟೆನೇ, ಸುಮ್ನೆ ಮಲಕೋ."

ಒಂದು ವರ್ಷ ಹೀಗೆ ಕಳೆಯಿತು. ಆಮೇಲೆ ಹಾಕಿದ ರಕ್ತ ಮೈಯಲ್ಲಿ ನಿಲ್ಲದೇ ಹೋಯಿತು. ಮೂರು ವಾರ ಬರಬೇಕಾದ್ದು ಹತ್ತು ದಿನಕ್ಕೆ ಕರಗುತ್ತಿತ್ತು. ಡಾಕ್ಟರು ದೂರದ ಲ್ಯಾಬಿಗೆ ಪರೀಕ್ಷೆಗೆ ಕಳಿಸಿದರು. ಅಲ್ಲಿಂದ ಒಂದು ಚೀಟಿ ಬಂತು. ಅಂಗಡಿಯ ಬಿಲ್ಲಿನ ಹಾಗೆ ಯಂತ್ರದಿಂದ ಹೊರಬಿದ್ದ, ಎರಡು ಬೆರಳಗಲದ, ನುಣುಪು ಕಾಗದ.

ಚಿಕ್ಕ ಆಸ್ಪತ್ರೆಯ ಲ್ಯಾಬಿನವನು ಒಳ್ಳೆಯ ಮನುಷ್ಯ, ನಿಧಾನಸ್ಥ. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಬಿಡಿಸಿ ಹೇಳಿದ. ರಕ್ತದ ಗುಂಪು ಒಂದೇ ಆದರೂ ಒಳಗೆ ಬೇರೆ ಬೇರೆ ಗುರುತುಗಳಿರುತ್ತವೆ. ಅವುಗಳಲ್ಲಿ ಒಂದು ಗುರುತನ್ನು ಇವರ ಮೈ ಹಗೆ ಎಂದು ತಿಳಿದುಕೊಂಡಿದೆ. ಆ ಗುರುತಿರುವ ರಕ್ತ ಹಾಕಿದರೆ ಒಡೆದುಹಾಕುತ್ತದೆ. ಆ ಗುರುತಿನ ಹೆಸರು ಈ ಚೀಟಿಯಲ್ಲಿದೆ.

"ಇನ್ನೊಂದು ಮಾತು, ಚೆನ್ನಾಗಿ ಕೇಳಿಸಿಕೊಳ್ಳಿ," ಎಂದ ಅವನು. "ಕೆಲವು ತಿಂಗಳು ಹೋದ್ರೆ ಪರೀಕ್ಷೇಲಿ ಇದು ಕಾಣಿಸೋದೇ ಇಲ್ಲ. ಎಲ್ಲ ಸರಿ ಇದೆ ಅಂತ ಬರುತ್ತೆ. ಆದ್ರೆ ಮೈ ಮರೆತಿರೋದಿಲ್ಲ. ಎಲ್ಲಿ ರಕ್ತ ಹಾಕಿಸಿದ್ರೂ ಈ ಚೀಟಿ ಮೊದಲು ತೋರಿಸಿ."

ದೊಡ್ಡಮ್ಮನಿಗೆ ಇದು ಒಂದೇ ಸಲಕ್ಕೆ ತಿಳಿಯಿತು. ಹತ್ತು ವರ್ಷದ ಮೇಲೆ ಕಾಲರು ನೋಡಿ ಕಂಡಕ್ಟರನ ಗುರುತು ಹಿಡಿದವಳಿಗೆ ಇದೇನು ದೊಡ್ಡ ವಿಷಯ? ಚಿಕ್ಕಮ್ಮ ಚೀಟಿ ಬಿಡಿಸಿ ನೋಡಿದಳು. ಅದು ಅವಳು ಶಾಲೆಯಲ್ಲಿ ಕಲಿತ ಲಿಪಿಯಲ್ಲ, ಡಾಕ್ಟರುಗಳ ಇಂಗ್ಲಿಷ್ ಲಿಪಿ. ಎರಡು ಅಕ್ಷರ, ಅವುಗಳ ಹೆಗಲ ಮೇಲೆ ಕುಳಿತ ಪುಟ್ಟದೊಂದು ಅಕ್ಷರ. ಇಷ್ಟುದ್ದ ಜ್ವರಕ್ಕೆ ಇಷ್ಟೇ ಹೆಸರಾ ಎಂದಳು. ಮನೆಗೆ ಬಂದ ಮೇಲೆ ಅದನ್ನು ಸ್ವಲ್ಪ ಹೊತ್ತು ತನ್ನ ಹತ್ತಿರ ಇಟ್ಟುಕೊಂಡಿದ್ದು ದೊಡ್ಡಮ್ಮನಿಗೆ ಕೊಟ್ಟಳು. ನಿನ್ನ ಕೈಲಿದ್ದರೆ ಯಾವುದೋ ಪ್ಯಾಂಟಿನ ಜೊತೆ ಗಂಟು ಕಟ್ಟಿ ಕಳಿಸುತ್ತೀಯ ಎಂದು ಹೇಳಿ ದೊಡ್ಡಮ್ಮ ಅದನ್ನು ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬಟ್ಟೆ ಚೀಲದಲ್ಲಿ ಇಟ್ಟುಕೊಂಡಳು.

ಅಲ್ಲಿಂದ ಏಳು ತಿಂಗಳು ಲ್ಯಾಬಿನವನೇ ಹುಡುಕಿ ತೆಗೆದ ರಕ್ತ ಬಂತು. ಅವನಿಗೆ ಹೆಸರು ಬಾಯಿಪಾಠವಾಗಿದ್ದರಿಂದ ಚೀಟಿ ಹೊರಗೆ ತೆಗೆಯುವ ಪ್ರಸಂಗವೇ ಬರಲಿಲ್ಲ. ಚಿಕ್ಕಪುಟ್ಟ ಜ್ವರ ಬಂದರೂ ರಕ್ತ ಮೈಯಲ್ಲಿ ನಿಂತಿತು. ಅಷ್ಟರಲ್ಲಿ ಚಿಕ್ಕ ಆಸ್ಪತ್ರೆ ಮುಚ್ಚಿತು. ಕಟ್ಟಡ ಒಡೆಯಲು ಜನ ಬಂದರು, ಕಡತಗಳು ಮೂಟೆಯಾಗಿ ಯಾವುದೋ ಗೋದಾಮಿಗೆ ಹೋದವು, ಲ್ಯಾಬಿನವನು ಊರು ಬಿಟ್ಟ. ಇನ್ನು ಊರಿನ ಆಚೆ ತುದಿಯ ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದಾಯಿತು.

ಹೊರಡುವ ದಿನ ಬೆಳಿಗ್ಗೆ ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಮುಖ ತೊಳೆಯುತ್ತಿದ್ದಳು. ದೊಡ್ಡಮ್ಮ ಅಂಗಡಿಯಲ್ಲಿ ಚೀಲ ಬಿಚ್ಚಿ ಚೀಟಿ ತೆಗೆದು ನೋಡಿದಳು. ಏಳು ತಿಂಗಳ ಬೆವರು ಕುಡಿದು ಅದು ಚಿಂದಿಯ ಹಾಗಾಗಿತ್ತು. ದೊಡ್ಡಾಸ್ಪತ್ರೆ, ದೊಡ್ಡ ಡಾಕ್ಟರು. ಇಂಥ ಮುದುರಿದ ಕಾಗದವನ್ನು ಅವರ ಮೇಜಿನ ಮೇಲೆ ಹೇಗೆ ಇಡುವುದು? ಇಸ್ತ್ರಿ ಅಂಗಡಿಯವರು ಎಂದು ಗೊತ್ತಾದರೆ ನಗುವುದಿಲ್ಲವೇ? ಚೀಟಿಯನ್ನು ಹಲಗೆಯ ಮೇಲೆ ಬಿಡಿಸಿದಳು, ತೆಳು ಬಟ್ಟೆ ಹಾಸಿದಳು, ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದಳು. ಹದವಾದ ಶಾಖ, ರೇಷ್ಮೆಗೂ ಆಗುವಂಥದು. ಒಮ್ಮೆ ಒತ್ತಿ ಎತ್ತಿದಳು.

ಬಟ್ಟೆ ಸರಿಸಿದರೆ ಕೆಳಗೆ ಕಪ್ಪು.

ಸುಟ್ಟಿರಲಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ, ಅಂಚು ಕರಕಾಗಿಲ್ಲ. ಸುಡುವುದು ಎಂದರೇನೆಂದು ಅವಳಿಗೆ ಗೊತ್ತಿತ್ತು, ಹಲಗೆಯ ಮೂಲೆಯಲ್ಲಿ ಅವಳು ಕೆಲಸ ಕಲಿತ ದಿನದ ಕಂದು ಕಲೆ ಇನ್ನೂ ಇತ್ತು. ಇದು ಅದಲ್ಲ. ಬೆಳ್ಳಗಿದ್ದ ಕಾಗದ ಈ ತುದಿಯಿಂದ ಆ ತುದಿಯವರೆಗೆ ಮಸಿ ಬಳಿದಂತೆ ಕಪ್ಪಾಗಿತ್ತು, ಅಕ್ಷರಗಳೆಲ್ಲ ಅದರೊಳಗೆ ಮುಳುಗಿದ್ದವು. ಎಷ್ಟೋ ಕಾಗದ ಬದುಕಿಸಿದ್ದಳು. ಶಾಖ ತಾಗಿದರೆ ಕಪ್ಪಾಗುವ ಕಾಗದವೂ ಉಂಟು, ಆ ಯಂತ್ರಗಳು ಮುದ್ರಿಸುವುದೇ ಹಾಗೆ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಸುಕ್ಕು ಮಾತ್ರ ಒಂದೂ ಉಳಿದಿರಲಿಲ್ಲ.

"ಅಕ್ಕ, ಗಾಡಿ ಬಂತು," ಎಂದು ಚಿಕ್ಕಮ್ಮ ಒಳಗಿನಿಂದ ಕೂಗಿದಳು. ದೊಡ್ಡಮ್ಮ ಚೀಟಿಯನ್ನು ಚೀಲಕ್ಕೆ ತುರುಕಿದಳು.

ದಾರಿಯುದ್ದಕ್ಕೂ ಹೇಳಬೇಕು, ಹೇಳಬೇಕು ಎಂದು ನಾಲಿಗೆ ತುದಿಯವರೆಗೆ ಬಂತು. ಹೇಳಿದರೆ ಅವಳು ಏನೆನ್ನುತ್ತಾಳೆ ಎಂಬುದೂ ಕಿವಿಯಲ್ಲಿ ಕೇಳುತ್ತಿತ್ತು. ಓದು ಬಾರದವಳ ಕೈಗೆ ಕಾಗದ ಕೊಟ್ಟರೆ ಇನ್ನೇನಾಗುತ್ತದೆ ಎನ್ನುತ್ತಾಳೆ. ಮೂವತ್ತು ವರ್ಷದಿಂದ ಆ ಒಂದು ಮಾತು ಬಾರದ ಹಾಗೆ ನೋಡಿಕೊಂಡಿದ್ದಳು. ದೊಡ್ಡಾಸ್ಪತ್ರೆಯವರ ಹತ್ತಿರ ದೊಡ್ಡ ಯಂತ್ರಗಳಿರುತ್ತವೆ, ಅವರೇ ಕಂಡುಹಿಡಿಯುತ್ತಾರೆ ಎಂದುಕೊಂಡಳು. ಕಾಣಿಸುವುದೇ ಇಲ್ಲ ಎಂದಿದ್ದ ಲ್ಯಾಬಿನವನ ಮಾತು ನೆನಪಿಗೆ ಬರಲಿಲ್ಲವೇ? ಬಂತು. ಅದನ್ನೂ ಚೀಟಿಯ ಜೊತೆಗೇ ಒಳಗೆ ತುರುಕಿದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಚಿಕ್ಕಮ್ಮನನ್ನು ಗಾಲಿಮಂಚದ ಮೇಲೆ ಮಲಗಿಸಿದ್ದರು. ಕಣ್ಣು ಬಿಡುವ ತ್ರಾಣವೂ ಅವಳಿಗಿರಲಿಲ್ಲ. ದೊಡ್ಡಮ್ಮ ಒಬ್ಬಳೇ ಒಳಗೆ ಹೋಗಿ ಡಾಕ್ಟರಮ್ಮನ ಮುಂದೆ ಹಳೇ ಕಾಗದಗಳ ಕಟ್ಟು ಇಟ್ಟಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಒಂದೊಂದಾಗಿ ತಿರುವಿ ನೋಡಿದಳು. ಹಿಂದೆ ರಕ್ತ ಹಾಕಿದಾಗ ತೊಂದರೆಯಾಗಿತ್ತೇ ಎಂದು ಕೇಳಿದಳು. ಚಳಿಜ್ವರ ಬರುತ್ತಿತ್ತು ಎಂದಳು ದೊಡ್ಡಮ್ಮ. ಅದಕ್ಕೆ ನಾವು ರಕ್ತ ಸೋಸಿ ಕೊಡುತ್ತೇವೆ, ಬೇರೆ ಯಾವುದಾದರೂ ರಿಪೋರ್ಟು ಇದೆಯೇ ಎಂದು ಕೇಳಿದಳು. ದೊಡ್ಡಮ್ಮನ ಕೈ ಸೊಂಟದ ಹತ್ತಿರ ಹೋಯಿತು. ಇಷ್ಟೇ ಇರೋದು ಎಂದಳು.

ಹೊರಗೆ ಬಂದಾಗ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಚೀಟಿ ಕೊಟ್ಯಾ ಅಕ್ಕ?"

"ಕೊಟ್ಟೆ."

ಪರೀಕ್ಷೆ ಮಾಡಿದರು. ಎಲ್ಲ ಸರಿಹೊಂದುತ್ತದೆ ಎಂದು ಬಂತು. ಎರಡು ಚೀಲ ರಕ್ತ ಇಳಿಯಿತು. ಅಷ್ಟು ಹೊತ್ತೂ ದೊಡ್ಡಮ್ಮ ಕೊಳವೆಯನ್ನೇ ನೋಡುತ್ತ, ಮಂಚದ ಕಬ್ಬಿಣದ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು, ಎಲ್ಲಿ ಗಡಗಡ ಎನ್ನುತ್ತದೋ ಎಂದು. ಎನ್ನಲಿಲ್ಲ. ಚಳಿಯಿಲ್ಲ, ಜ್ವರವಿಲ್ಲ. ಮೊದಲ ಎರಡು ಸಲ ಬಿಟ್ಟರೆ, ಒಂದೂವರೆ ವರ್ಷದಲ್ಲಿ ಇಷ್ಟು ಸಲೀಸಾಗಿ ರಕ್ತ ಇಳಿದದ್ದು ಅದೇ ಮೊದಲು. ದೊಡ್ಡಮ್ಮ ಮಂಚದಿಂದ ಕೈ ತೆಗೆದಳು. ನೋಡು, ಸುಮ್ಮನೆ ಹೆದರಿದೆ ಎಂದುಕೊಂಡಳು.

ಆಮೇಲಿನ ಐದು ದಿನ ಹೇಗಿದ್ದವು ಎಂದರೆ, ಚಿಕ್ಕಮ್ಮ ನಾಲ್ಕೂ ಮೆಟ್ಟಿಲು ಹತ್ತಿದಳು. ತುಟಿಗೆ ಬಣ್ಣ ಬಂತು. ಎರಡು ಹೊತ್ತು ಅನ್ನ ಬಡಿಸಿಕೊಂಡು ಉಂಡಳು. ಪುಸ್ತಕ ತೆಗೆದು, ತಾನಿಲ್ಲದಾಗ ದೊಡ್ಡಮ್ಮ ಯಾರ ದಿಂಬಿನ ಚೀಲವನ್ನು ಯಾರಿಗೆ ಕೊಟ್ಟಿದ್ದಾಳೆ ಎಂದು ತನಿಖೆ ಮಾಡಿದಳು. ಒಂದೂ ತಪ್ಪು ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂದು ಬೇಸರ ಮಾಡಿಕೊಂಡಳು. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆರನೆಯ ದಿನ ಮಧ್ಯಾಹ್ನ ಒಂದು ಅಂಗಿ ಮಡಿಸುತ್ತ ಚಿಕ್ಕಮ್ಮ ಸೊಂಟ ಹಿಡಿದುಕೊಂಡು ಕುಳಿತಳು. ಮೈ ಮುಟ್ಟಿದರೆ ಕೆಂಡ. ಬೆಳಕಿಗೆ ಮುಖ ತಿರುಗಿಸಿದರೆ ಕಣ್ಣು ಅರಿಸಿನದ ಬಣ್ಣ. ಬಚ್ಚಲಿಗೆ ಹೋಗಿ ಬಂದವಳು ಗೋಡೆಗೆ ಒರಗಿ, ಕಪ್ಪು ಚಹಾದ ಹಾಗೆ ಹೋಗ್ತಿದೆ ಅಕ್ಕ ಎಂದಳು. ದೊಡ್ಡಮ್ಮ ಪೆಟ್ಟಿಗೆ ಕೆಳಗಿಟ್ಟು, ಗಾಡಿ ಕರೆದು, ಅವಳನ್ನು ಮತ್ತೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಈ ಸಲ ನಿಂತುಕೊಂಡೇ ಕೇಳಿದಳು. ಹಿಂದೆ ಎಲ್ಲಾದರೂ ರಕ್ತದಲ್ಲಿ ಏನಾದರೂ ಸಿಕ್ಕಿದೆ ಎಂದು ಬರೆದುಕೊಟ್ಟಿದ್ದರೇ? ದೊಡ್ಡಮ್ಮ ಸೊಂಟದ ಚೀಲದಿಂದ ಆ ಕಪ್ಪು ಚೀಟಿಯನ್ನು ತೆಗೆದು ಕೊಟ್ಟಳು. ಡಾಕ್ಟರಮ್ಮ ಅದನ್ನು ತಿರುಗಿಸಿ ನೋಡಿದಳು, ಕಿಟಕಿಯ ಬೆಳಕಿಗೆ ಹಿಡಿದಳು, ವಾಸನೆಯನ್ನೂ ನೋಡಿದಳು. ಏನಿದು ಎಂದಳು. ದೊಡ್ಡಮ್ಮ ಹೇಳಿದಳು.

ಡಾಕ್ಟರಮ್ಮ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಇಂಥದೊಂದು ಚೀಟಿ ಇತ್ತು, ಹಾಳಾಯ್ತು ಅಂತ ಒಂದು ಮಾತು ಹೇಳಿದ್ರೂ ಸಾಕಿತ್ತಮ್ಮ. ಹೇಗಾದರೂ ಹುಡುಕ್ತಿದ್ವಿ," ಎಂದಳು ಅಷ್ಟೇ. ಹೊಸ ಪರೀಕ್ಷೆಯಲ್ಲಿ ಈಗ ಆ ಹಗೆ ನಿಚ್ಚಳವಾಗಿ ಕಾಣಿಸಿತು. ಮೈ ಮರೆತಿರಲಿಲ್ಲ. ಐದು ದಿನ ಸುಮ್ಮನಿದ್ದು, ಗುರುತು ಹಿಡಿದು, ಹಾಕಿದ ರಕ್ತವನ್ನೆಲ್ಲ ಒಡೆದಿತ್ತು. ಒಡೆದ ರಕ್ತ ಕಿಡ್ನಿಗೆ ಕೂತಿತ್ತು. ಹೊಂದುವ ರಕ್ತಕ್ಕೆ ನಾಲ್ಕು ಕಡೆ ಹೇಳಿಕಳಿಸಿದರು.

ಮರುದಿನ ಮಧ್ಯಾಹ್ನ ಚಿಕ್ಕಮ್ಮನಿಗೆ ಸ್ವಲ್ಪ ಎಚ್ಚರವಿತ್ತು. ದೊಡ್ಡಮ್ಮ ಅವಳ ಹಾಸಿಗೆಯ ಮೇಲಿನ ಬಟ್ಟೆ ಎಳೆದು ಸರಿಮಾಡಿದಳು, ಮತ್ತೆ ಸರಿಮಾಡಿದಳು. ಕೊನೆಗೆ ಬಾಯಿಬಿಟ್ಟಳು.

"ಚೀಟಿ ಕೊಟ್ಟಿರಲಿಲ್ಲ ಕಣೆ. ಮುದುರಿತ್ತು ಅಂತ ಪೆಟ್ಟಿಗೆ ಇಟ್ಟೆ. ಕಪ್ಪಾಗೋಯ್ತು. ಹೇಳೋಕೆ ನಾಚಿಕೆ ಆಯ್ತು ನಂಗೆ."

ಚಿಕ್ಕಮ್ಮ ಮೇಲಿನ ಬಿಳಿ ಸೂರನ್ನೇ ನೋಡುತ್ತಿದ್ದಳು.

"ನನ್ನ ಪುಸ್ತಕದ ಕೊನೇ ಪುಟದಲ್ಲಿ ಬರಕೊಂಡಿದ್ನಲ್ಲಕ್ಕ. ಚೀಟಿ ನಿಂಗೆ ಕೊಡೋಕೆ ಮುಂಚೆನೇ." ಉಸಿರು ಎಳೆದುಕೊಂಡಳು. "ಗಾಡೀಲಿ ಹೇಳಿದ್ರೂ ಆಗ್ತಿತ್ತು. ವಾಪಸ್ ತಿರುಗಿಸಿ ತರ್ತಿದ್ವಿ."

ಚಿಕ್ಕಮ್ಮ ಹಂಗಿಸಲಿಲ್ಲ. ಮೂವತ್ತು ವರ್ಷ ಹೆದರಿಕೊಂಡಿದ್ದ ಆ ಮಾತಿಗಾಗಿ ದೊಡ್ಡಮ್ಮ ಕಾದಳು, ಅದು ಬಂದರೆ ಸಾಕು ಎಂದು ಕಾದಳು. ಬರಲಿಲ್ಲ. ನಡುಕ ಬಂತು. ಮಂಚದ ಕಬ್ಬಿಣ ಸದ್ದು ಮಾಡತೊಡಗಿತು.

"ಚಳಿ ಅಕ್ಕ," ಎಂದಳು ಚಿಕ್ಕಮ್ಮ. "ನಮ್ಮ ಹೊದಿಕೆ ತಗೊಂಬಾ. ಬಿಸಿ ಮಾಡಿ."

ದೊಡ್ಡಮ್ಮ ಊರಿನ ಈ ತುದಿಯಿಂದ ಆ ತುದಿಗೆ ಹೋದಳು. ಅಂಗಡಿಯ ಬೀಗ ತೆಗೆದು ಮೊದಲು ಪುಸ್ತಕ ಎತ್ತಿಕೊಂಡಳು, ಹಿಂದಿನಿಂದ ಬಿಡಿಸಿದಳು. ಖಾಲಿ ಪುಟದ ನಟ್ಟನಡುವೆ, ಚಿತ್ರ ಬಿಡಿಸಿದ ಹಾಗೆ ನಿಧಾನವಾಗಿ ತಿದ್ದಿ ಬರೆದ ಎರಡು ಅಕ್ಷರ, ಅವುಗಳ ಹೆಗಲ ಮೇಲೆ ಪುಟ್ಟದೊಂದು. ಸುತ್ತಲೂ ಚೌಕ ಹಾಕಿದ್ದಳು. ಆ ಪುಸ್ತಕ ಅಷ್ಟೂ ದಿನ ಪೆಟ್ಟಿಗೆಯಿಂದ ಒಂದು ಮೊಳ ದೂರದಲ್ಲೇ ಇತ್ತು. ಚೀಟಿ ಕಪ್ಪಾದಾಗಲೂ ಅಲ್ಲೇ ಇತ್ತು.

ಇದ್ದಿಲು ಹೊತ್ತಿಸಿ, ಹೊದಿಕೆಯ ಅಂಗುಲ ಅಂಗುಲವನ್ನೂ ಕಾಯಿಸಿ, ಬಿಗಿಯಾಗಿ ಸುತ್ತಿ, ಮೇಲೆ ಪತ್ರಿಕೆ ಸುತ್ತಿ ಎದೆಗೆ ಅವಚಿಕೊಂಡು ಬಸ್ಸು ಹತ್ತಿದಳು. ಎರಡು ಬಸ್ಸು ಬದಲಾಯಿಸಬೇಕು. ದಾರಿಯಲ್ಲಿ ಎಲ್ಲೋ ಕಾಮಗಾರಿ, ಬಸ್ಸು ನಿಂತಿತು. ಪತ್ರಿಕೆಯ ಮೇಲಿಂದ ಶಾಖ ಇಳಿಯುತ್ತಿರುವುದು ಅವಳ ಕೆನ್ನೆಗೆ ಗೊತ್ತಾಗುತ್ತಿತ್ತು. ವಾರ್ಡಿಗೆ ಬಂದಾಗ ಚಿಕ್ಕಮ್ಮನ ಮಂಚದ ಕಬ್ಬಿಣ ಸದ್ದು ಮಾಡುತ್ತಿರಲಿಲ್ಲ. ನರ್ಸು ಮುಖ ಮುಚ್ಚಲು ಬಟ್ಟೆ ಎಳೆಯುತ್ತಿದ್ದಳು. ಅದು ಒಂದು ಕಡೆ ಸುಕ್ಕಾಗಿತ್ತು. ದೊಡ್ಡಮ್ಮ ಅದನ್ನು ಮುಟ್ಟಲಿಲ್ಲ. ಸುತ್ತಿದ್ದ ಹೊದಿಕೆ ಬಿಚ್ಚಿದಳು. ತೀರ ಒಳಗಿನ ಮಡಿಕೆಯಲ್ಲಿ ಇನ್ನೂ ಸ್ವಲ್ಪ ಬಿಸಿಯಿತ್ತು. ಆ ಭಾಗವನ್ನು ಅವಳ ಪಾದದ ಮೇಲೆ ಹೊದಿಸಿದಳು. ಹೊಂದುವ ರಕ್ತ ಸಿಕ್ಕಿದೆ ಎಂದು ಒಂದು ಕಡೆಯಿಂದ ಫೋನು ಬಂದದ್ದು ಆ ಸಂಜೆ.

ಈಗಲೂ ಅಂಗಡಿ ನಡೆಯುತ್ತದೆ. ಕಾಲರು ನೋಡಿ ಬಟ್ಟೆ ಬೇರೆ ಮಾಡುತ್ತಾಳೆ, ಒಂದೂ ತಪ್ಪುವುದಿಲ್ಲ. ಒದ್ದೆ ಕಾಗದ ಹಿಡಿದುಕೊಂಡು ಯಾರಾದರೂ ಬಂದರೆ, ಕಾಗದದ ಕೆಲಸ ಬಿಟ್ಟೆ ಎನ್ನುತ್ತಾಳೆ. ಯಾಕೆ ದೊಡ್ಡಮ್ಮ ಎಂದು ಕೇಳಿದರೆ ಇನ್ನೊಂದು ಅಂಗಿ ತೆಗೆದು ಹಲಗೆಯ ಮೇಲೆ ಹಾಸುತ್ತಾಳೆ. ಪುಸ್ತಕ ಪೆಟ್ಟಿಗೆಯ ಪಕ್ಕದಲ್ಲೇ ಇದೆ, ಅದರಲ್ಲಿ ಬರೆಯುವವರು ಯಾರೂ ಇಲ್ಲ. ಕೊನೆಯ ಪುಟವನ್ನು ನೋಡಿ ನೋಡಿ ಆ ಮೂರು ಅಕ್ಷರ ಅವಳಿಗೆ ಬಂದಿವೆ. ಅವಳಿಗೆ ಬರುವುದು ಅವಷ್ಟೇ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಒಂದಿದೆ, ಎದುರು ಹಾದುಹೋಗುವ ಬಸ್ಸೊಂದರ ಮೈಮೇಲೆ ಎರಡಿವೆ. ಆ ಬಸ್ಸು ಬಂದಾಗಲೆಲ್ಲ ಅವಳು ಪೆಟ್ಟಿಗೆಯನ್ನು ಬಟ್ಟೆಯಿಂದ ಮೇಲೆತ್ತಿ ಹಿಡಿದು, ಅದು ತಿರುವು ದಾಟುವವರೆಗೂ ಹಾಗೇ ನಿಂತಿರುತ್ತಾಳೆ.